ಅತ್ತೆಯ ಆಹೇರಿ, ನನ್ನ ಸ್ಕ್ರಿಪ್ಟು

ನಮ್ಮ ಮನೆಯಲ್ಲಿ ವಿಂಗಡಿಸುವ ಹುಚ್ಚು ಇಬ್ಬರಿಗಿದೆ. ಅವ್ವನಿಗೆ ಸೀರೆಗಳದು, ನನಗೆ ಫೈಲುಗಳದು. ಅವ್ವನ ಹುಚ್ಚನ್ನು ಬಂಧುಬಳಗದವರು ಸಂಸಾರದ ಜಾಣತನ ಎನ್ನುತ್ತಾರೆ. ನನ್ನದನ್ನು ಮಾತ್ರ ಹುಚ್ಚು ಎಂದೇ ಕರೆಯುತ್ತಾರೆ.

ನಾನು ಸೇಡಂನ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಮನೆ ವಾಡಿಯಲ್ಲಿ. ಬೆಳಿಗ್ಗೆ ರೈಲು ಹಿಡಿದು ಹೋಗಿ ಸಂಜೆ ರೈಲಿಗೆ ವಾಪಸು ಬರುತ್ತೇನೆ. ವಿದ್ಯಾರ್ಥಿಗಳು ಎಲ್ಲೆಂದರಲ್ಲಿ ಬಿಸಾಡಿ ಹೋದ ಫೈಲುಗಳನ್ನು ಅವುಗಳ ಜಾಗಕ್ಕೆ ಸೇರಿಸುವುದು ನನ್ನ ಕೆಲಸದಲ್ಲಿ ದೊಡ್ಡ ಪಾಲು. ಮೌಸ್ ಹಿಡಿದು ಒಂದೊಂದನ್ನೇ ಎಳೆದು ಹಾಕುತ್ತ ಕೂತರೆ ದಿನ ಸಾಲುವುದಿಲ್ಲ. ಅದಕ್ಕೇ ಕಪ್ಪು ಪರದೆ ತೆರೆದು ನಾಲ್ಕಾರು ಸಾಲಿನ ಸ್ಕ್ರಿಪ್ಟ್ ಬರೆಯುತ್ತೇನೆ. ಇಂಥ ಹೆಸರಿನದು ಈ ಫೋಲ್ಡರಿಗೆ ಹೋಗಲಿ, ಅಂಥದ್ದು ಆ ಫೋಲ್ಡರಿಗೆ, ಯಾವುದಕ್ಕೂ ಸೇರದ್ದು ಹೊರಗೇ ಕೂತಿರಲಿ ಎಂದು ಬರೆದು ಎಂಟರ್ ಒತ್ತಿದರೆ ಮುಗಿಯಿತು. ಸಾವಿರಾರು ಫೈಲುಗಳು ಸದ್ದಿಲ್ಲದೆ ಎದ್ದು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂರುತ್ತವೆ. ಮನುಷ್ಯರು ಹೀಗೆ ಹೇಳಿದ ಮಾತು ಕೇಳುವುದನ್ನು ನಾನು ಎಲ್ಲೂ ಕಂಡಿಲ್ಲವಾದ್ದರಿಂದ ನನಗೆ ಪ್ರತಿ ಸಲವೂ ಖುಷಿಯಾಗುತ್ತದೆ.

ಹೀಗೆ ಫೈಲು ಎತ್ತಿಡುವ ಆಜ್ಞೆಯ ಹೆಸರು ಎಮ್‌ವಿ. ಭಾಳ ಮೌನಿ. ಹೇಳಿದ್ದನ್ನು ಮಾಡಿ ಸುಮ್ಮನಾಗುತ್ತದೆ. ಎತ್ತಿಡಬೇಕಾದ ಜಾಗದಲ್ಲಿ ಅದೇ ಹೆಸರಿನ ಇನ್ನೊಂದು ಫೈಲು ಮೊದಲೇ ಕೂತಿದ್ದರೆ, ಅದನ್ನು ಅಳಿಸಿ ಹೊಸದನ್ನು ಅಲ್ಲಿ ಕೂರಿಸುತ್ತದೆ. ಆಗಲೂ ಒಂದು ಮಾತು ಕೇಳುವುದಿಲ್ಲ. ಇದನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು, ವಿದ್ಯಾರ್ಥಿಗಳಿಂದ ಬಾಯಿಪಾಠ ಹೇಳಿಸುತ್ತೇನೆ. ಮುಂದೆ ನಡೆದದ್ದನ್ನು ಓದುವಾಗ ಈ ಮಾತು ನೆನಪಿರಲಿ. ನನ್ನ ತಮ್ಮನಿಗಂತೂ ಚೆನ್ನಾಗಿ ನೆನಪಿದೆ, ವಾರಕ್ಕೊಮ್ಮೆ ಎತ್ತಿ ಆಡುತ್ತಾನೆ.

ಇನ್ನು ಅವ್ವನ ಅಲಮಾರಿ. ನಮ್ಮ ಕಡೆ ಮದುವೆ, ಜವಳ, ಹೊಸ ಮನೆ ಏನೇ ಇರಲಿ, ಬಂದ ಬಂಧುಗಳು ಮನೆಯವರಿಗೆ ಬಟ್ಟೆ ಕೊಡುತ್ತಾರೆ. ಗಂಡಸರಿಗೆ ಟೋಪಿ, ಟವೆಲ್ಲು. ಹೆಂಗಸರಿಗೆ ಸೀರೆ, ಜಂಪರ್ ಪೀಸು. ಇದಕ್ಕೆ ಆಹೇರಿ ಎನ್ನುತ್ತೇವೆ. ಬಂದ ಸೀರೆಗಳನ್ನೆಲ್ಲ ಉಡುತ್ತಾರೆಂದು ಯಾರೂ ತಿಳಿಯಬಾರದು. ಒಮ್ಮೆ ಉಟ್ಟರೆ ಅದು ಮನೆಯದಾಯಿತು. ಉಡದೆ ಮಡಿಕೆ ಕೆಡದಂತೆ ಇಟ್ಟರೆ ಅದು ಮುಂದಿನ ಮದುವೆಗೆ ಹೊರಡುತ್ತದೆ. ಅವ್ವ ಪರಸಿ ಕಲ್ಲಿನ ನೆಲದ ಮೇಲೆ ಕಾಲು ಚಾಚಿ ಕೂತು, ಸೀರೆಗಳನ್ನು ಸುತ್ತ ಹರಡಿಕೊಂಡು, ಕ್ಷಣದಲ್ಲಿ ಗುಂಪು ಮಾಡುತ್ತಾಳೆ. ಅಂಚು ದೊಡ್ಡದಿದ್ದರೆ ಶಹಾಬಾದಿನವರಿಗೆ, ಬಟ್ಟೆ ಹಗುರಾಗಿದ್ದರೆ ದಂಡೋತಿಯವರಿಗೆ, ಬಣ್ಣ ಕಣ್ಣಿಗೆ ಹೊಡೆಯುವಂತಿದ್ದರೆ ಆ ಹೊತ್ತಿಗೆ ಯಾರ ಮೇಲೆ ಸಿಟ್ಟಿದೆಯೋ ಅವರಿಗೆ. ಯಾವುದು ಯಾರಿಂದ ಬಂತು, ಯಾರಿಗೆ ಹೋಗಬಾರದು ಎಲ್ಲವೂ ತಲೆಯಲ್ಲೇ. ಒಂದೇ ಒಂದು ಸಲ ಆ ತಲೆ ಕೈಕೊಟ್ಟಿತು, ಮತ್ತು ಕೈಕೊಟ್ಟದ್ದು ಅಪ್ಪನ ಅಕ್ಕನ ವಿಷಯದಲ್ಲಿ.

ಅಪ್ಪನಿಗೆ ಒಡಹುಟ್ಟಿದವರೆಂದರೆ ಅವಳೊಬ್ಬಳೇ. ದಂಡೋತಿಯಲ್ಲಿ ಕಾಗಿಣೆಯ ದಂಡೆಯ ಮನೆಯಲ್ಲಿ ಅಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಮದುವೆಯಾಗಿ ಚಿಂಚೋಳಿಗೆ ಅಂಟಿಕೊಂಡ ಚಂದಾಪುರಕ್ಕೆ ಹೋದಳು. ನಾವು ವಾಡಿಯಲ್ಲಿ ಮನೆ ಕಟ್ಟಿದಾಗ ಅತ್ತೆ ಅವ್ವನಿಗೊಂದು ಬದನೆಕಾಯಿ ಬಣ್ಣದ, ಹಳದಿ ಅಂಚಿನ ಸೀರೆ ತಂದಿದ್ದಳು. ಆರಿಸುವುದಕ್ಕೆ ಅಂಗಡಿಯವನಿಗೆ ಅರ್ಧ ದಿನ ನೀರು ಕುಡಿಸಿದ್ದಳಂತೆ. ಹೊಸ ಬಟ್ಟೆಯ ಮೂಲೆಗೆ ಅರಿಶಿಣ ಹಚ್ಚದೆ ಯಾರೂ ಕೊಡುವುದಿಲ್ಲ. ಎಲ್ಲರೂ ಒಂದು ಬೊಟ್ಟು ಹಚ್ಚಿದರೆ ಅತ್ತೆ ಎರಡು ಹಚ್ಚುತ್ತಾಳೆ, ಕೊಡುವ ಕೈಗೊಂದು, ತಗೊಳ್ಳುವ ಕೈಗೊಂದು ಎಂದು. ಆ ಎರಡು ಬೊಟ್ಟಿನ ಸೀರೆಯನ್ನು ಅವ್ವ ಅದ್ಯಾವ ಗಡಿಬಿಡಿಯಲ್ಲಿದ್ದಳೋ ಶಹಾಬಾದಿನ ಗುಂಪಿಗೆ ಹಾಕಿದಳು. ಶಹಾಬಾದಿನವರು ಅದನ್ನು ಮಡಿಕೆ ಬಿಚ್ಚದೆ ಚಿತ್ತಾಪುರಕ್ಕೆ ಕೊಟ್ಟರು. ಚಿತ್ತಾಪುರದಿಂದ ಅದು ಸೇಡಂ ತಾಲೂಕಿನ ಆಡಕಿಗೆ ಹೋಯಿತು. ಆಡಕಿಯವರ ಮನೆಯ ಜವಳಕ್ಕೆ ಅತ್ತೆ ಹೋಗಿದ್ದಾಗ, ಕುಂಕುಮ ಹಚ್ಚಿ ಅದನ್ನು ಅವಳದೇ ಉಡಿಯಲ್ಲಿ ಹಾಕಿದರು.

ಅತ್ತೆ ಅಲ್ಲೇ ಮೂಲೆ ಬಿಚ್ಚಿ ಎರಡು ಬೊಟ್ಟು ನೋಡಿದಳು, ಮಡಿಚಿದಳು, ಉಂಡು ಮನೆಗೆ ಹೋದಳು. ಅಂದಿನಿಂದ ವಾಡಿಗೆ ಬರುವುದನ್ನು ಬಿಟ್ಟಳು. ಅಪ್ಪ ಫೋನು ಮಾಡಿದರೆ "ಹೂಂ, ಆರಾಮ ಇದ್ದೀನಿ" ಎಂದು ಫೋನನ್ನು ಮಾವನ ಕೈಗೆ ಕೊಡುತ್ತಿದ್ದಳು. ನಾಗರಪಂಚಮಿಗೆ ಅಪ್ಪ ಅಕ್ಕನನ್ನು ತವರಿಗೆ ಕರೆತರಲೆಂದು ವರ್ಷವರ್ಷವೂ ಹೋಗುತ್ತಿದ್ದ. ಸಂಜೆಗೆ ಒಬ್ಬನೇ ಬಂದು, ಕೈಕಾಲು ತೊಳೆದು, ಅವಳಿಗೆಂದು ಕಟ್ಟಿಟ್ಟ ಉಂಡಿಯ ಡಬ್ಬಿಯನ್ನು ತಾನೇ ತೆರೆದು ತಿನ್ನುತ್ತ ಕೂರುತ್ತಿದ್ದ. ಅವ್ವ ಆ ಹೊತ್ತಿನಲ್ಲಿ ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಆ ದಿನಗಳಲ್ಲಿ ನನಗೆ ಇಬ್ಬರ ಮೇಲೂ ಕನಿಕರ ಬರುತ್ತಿತ್ತು, ಅತ್ತೆಯ ಮೇಲೆ ಸಿಟ್ಟು ಬರುತ್ತಿತ್ತು, ಆಮೇಲೆ ಸೀರೆ ನೆನಪಾಗಿ ನಗು ಬರುತ್ತಿತ್ತು.

ತಮ್ಮನ ಮದುವೆ ನಿಶ್ಚಯವಾದಾಗ ಅಪ್ಪ ಕಾರ್ಡು ಹಿಡಿದು ಚಂದಾಪುರಕ್ಕೆ ಹೋಗಿ ಅಕ್ಕನ ಹೊಸ್ತಿಲ ಮೇಲೆ ಕೂತನಂತೆ. "ನೀ ಬರ್ತೀನಿ ಅನ್ನೋ ತನಕ ಏಳಂಗಿಲ್ಲ" ಎಂದನಂತೆ. ಹೋಗಿ ಬರುವವರೆಲ್ಲ ಅಪ್ಪನನ್ನು ದಾಟಿಕೊಂಡೇ ಓಡಾಡಬೇಕಾಯಿತು. ಕೊನೆಗೆ ಅತ್ತೆ, "ಏಳು, ಬರ್ತೀನಿ. ದಾರಿ ಬಿಡು, ಹಾಲಿನಂವ ನಿಂತಾನ" ಎಂದಳಂತೆ.

ಮದುವೆ ವಾಡಿಯಲ್ಲೇ ಆಯಿತು. ಅತ್ತೆ ಬಂದಳು. ಆಹೇರಿಯ ಹೊತ್ತಿಗೆ ವೇದಿಕೆ ಹತ್ತಿ, ಅವ್ವನ ಕೈಯಲ್ಲಿ ಗಿಳಿಹಸಿರು ಬಣ್ಣದ ಒಂದು ಸೀರೆ ಇಟ್ಟಳು. ಇಟ್ಟವಳು ಕೈ ಬಿಡಲಿಲ್ಲ. ಒಂದು ಕಡೆ ಅವ್ವ, ಒಂದು ಕಡೆ ಅತ್ತೆ, ನಡುವೆ ಸೀರೆ, ಹಿಂದೆ ಕೆಂಪು ರುಮಾಲಿನ ಅಪ್ಪ. ಜಗಳ ಈಗ ಆಗುತ್ತದೆ, ಆಗ ಆಗುತ್ತದೆ ಎಂದು ಕಾಯುತ್ತಿದ್ದ ಮಂದಿಗೆ ಫೋನು ಎತ್ತಿ ಹಿಡಿಯುವುದೂ ಮರೆತಿತ್ತು. ವಿಡಿಯೋದವನು ಅದೇ ಹೊತ್ತಿಗೆ ಊಟಕ್ಕೆ ಕೂತಿದ್ದ. ಅತ್ತೆ ನಮ್ಮ ಫೋಟೋಗ್ರಾಫರನ ಕಡೆ ತಿರುಗಿದಳು.

"ತಮ್ಮಾ, ಒಂದು ಫೋಟೋ ಹೊಡಿ. ಸೀರಿ ಕಾಣಬೇಕು. ಅಂಚ ಕಾಣಬೇಕು. ತಗೊಂಡಾಕಿ ಮಾರಿ ಕಾಣಬೇಕು."

ಅವನು ಹೊಡೆದ. ಹಿಂದೆ ಸಾಲು ಉದ್ದವಿದ್ದುದರಿಂದ ಒಂದೇ ಹೊಡೆದ. ವೇದಿಕೆ ಇಳಿಯುತ್ತ ಅತ್ತೆ ನನ್ನ ಕೈ ಹಿಡಿದುಕೊಂಡಳು.

"ಆ ಫೋಟೋ ದೊಡ್ಡದು ಮಾಡಿಸಿ ತಂದು ಕೊಡವ್ವ. ಪಡಸಾಲ್ಯಾಗ ಹಾಕ್ತೀನಿ. ಈ ಸೀರಿ ಎಲ್ಲಿಗಿ ಹೋಗ್ತದ, ನಾನೂ ನೋಡ್ತೀನಿ."

ಅಪ್ಪ ಹಿಂದೆಯೇ ಇದ್ದ. ಅವತ್ತು ಸಂಜೆ ಇನ್ನೂ ಹಾರ ಕೂಡ ಬಾಡಿರಲಿಲ್ಲ, ನನ್ನ ಹತ್ತಿರ ಬಂದು, "ಮಗಳಾ, ಮೊದಲ ಅಕ್ಕನ ಫೋಟೋ ಮಾಡಿಸು. ಉಳದದ್ದು ಆಮ್ಯಾಲೆ. ಆಕಿ ಈ ಸಲ ಬಂದಾಳ, ಮತ್ತ ಕಳಕೊಳ್ಳೂದು ನನ್ನ ಕಡಿಂದ ಆಗಂಗಿಲ್ಲ" ಎಂದ. ಅಪ್ಪ ಅಷ್ಟು ಬಿಚ್ಚಿ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದೆ. ನಾನು ನಾಳೆಯೇ ಮಾಡಿಸುತ್ತೇನೆ ಎಂದೆ.

ಇಲ್ಲಿ ಫೋಟೋಗ್ರಾಫರುಗಳ ವಿಷಯ ಹೇಳಬೇಕು. ನಮ್ಮ ಕಡೆಯವನು ಶಹಾಬಾದಿನವನು, ಬೀಗರ ಕಡೆಯವನು ಚಿತ್ತಾಪುರದವನು. ಇಬ್ಬರ ಹತ್ತಿರವೂ ಒಂದೇ ಕಂಪನಿಯ ಕ್ಯಾಮೆರಾ. ನಮ್ಮ ಭಾಗದ ಮದುವೆ ಫೋಟೋಗ್ರಾಫರುಗಳಿಗೆ ಒಂದು ಶಾಸ್ತ್ರವಿದೆ. ಪ್ರತಿ ಮದುವೆಗೂ ಕಾರ್ಡು ಖಾಲಿ ಮಾಡಿ, ಕ್ಯಾಮೆರಾದ ಎಣಿಕೆಯನ್ನು ಒಂದಕ್ಕೆ ತಿರುಗಿಸಿ, ಒಂದನೇ ನಂಬರಿನ ಫೋಟೋ ದೇವರದ್ದೇ ಹೊಡೆಯಬೇಕು. ಯಾಕೆಂದು ಶಹಾಬಾದಿನವನನ್ನು ಕೇಳಿದ್ದೆ.

"ಹಿಂದಿನ ಮದುವಿ ನಂಬರಿನ ಮ್ಯಾಲೆ ಈ ಮದುವಿ ಶುರು ಮಾಡಬಾರದ್ರಿ ಮೇಡಂ. ಹಿಂದಿನವ್ರದು ಏನರ ಗಲತ್ ಇದ್ರ ಇವ್ರಿಗಿ ಹತ್ತತದ್ರಿ."

ಮದುವೆಯ ಮುಂಜಾನೆ ಇಬ್ಬರೂ ಒಂದೇ ದೇವರ ಮುಂದೆ ಅಕ್ಕಪಕ್ಕ ನಿಂತು, ಒಂದೇ ಹೊತ್ತಿಗೆ, ಭಕ್ತಿಯಿಂದ ಒಂದನೇ ನಂಬರು ಹೊಡೆದರು. ಬೋರ್ಡಿನ ಮೇಲೆ ಎರಡು ಗೆರೆ ಎಳೆಯುವ ನಾನು ಅವರಿಬ್ಬರ ಪಕ್ಕದಲ್ಲೇ ನಿಂತು ಮಂಗಳಾರತಿ ತೆಗೆದುಕೊಂಡೆ.

ಮರುದಿನ ಇಬ್ಬರ ಫೋಟೋಗಳೂ ಕೈಗೆ ಬಂದವು. ಶಹಾಬಾದಿನವನ ಹತ್ತಿರ ಒಂದೇ ಪೆನ್‌ಡ್ರೈವು, ಅದು ಊರೂರು ತಿರುಗುತ್ತದೆ. ನಾನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವ ತನಕ ಚಹಾ ಕುಡಿದು, "ಕಾರ್ಡ್ ಸಾಫ್ ಮಾಡ್ಲೇನ್ರಿ ಮೇಡಂ, ನಾಳಿ ಮತ್ತೊಂದು ಮದುವಿ ಅದ" ಎಂದು ಕೇಳಿದ. ಮಾಡು ಎಂದೆ. ಫೋಟೋಗಳೋ ರಾಶಿ ರಾಶಿ. ಆಲ್ಬಮ್ಮಿಗೆ ಆರಿಸಿ ಕೊಡುವುದು ಮನೆಯವರ ಕೆಲಸ. ತಮ್ಮ, ಅವನ ಹೆಂಡತಿ, ಅವ್ವ ಮೂವರೂ ಪರದೆಯ ಮುಂದೆ ಕೂತು ಅರಿಶಿಣದ ಫೋಟೋಗಳನ್ನು ನೋಡುವಷ್ಟರಲ್ಲೇ ಮೂರು ಅಭಿಪ್ರಾಯವಾಗಿ ಎದ್ದರು. ನೀವೆಲ್ಲ ಹೊರಗೆ ಹೋಗಿ, ಎಲ್ಲವನ್ನೂ ನಾನು ಬೇರೆ ಬೇರೆ ಮಾಡಿ ಇಡುತ್ತೇನೆ, ಆಮೇಲೆ ಜಗಳವಾಡುವಿರಂತೆ ಎಂದು ನಾನು ಬಾಗಿಲು ಹಾಕಿಕೊಂಡೆ.

ಪ್ರತಿ ಫೋಟೋದ ಒಳಗೂ ಅದನ್ನು ಹೊಡೆದ ಸಮಯ ಇರುತ್ತದೆ. ಆ ಸಮಯ ನೋಡಿ ಅರಿಶಿಣ, ಅಕ್ಕಿಕಾಳು, ಆಹೇರಿ, ಊಟ ಎಂಬ ಫೋಲ್ಡರುಗಳಿಗೆ ಕಳಿಸುವಂತೆ ಸ್ಕ್ರಿಪ್ಟ್ ಬರೆದೆ. ಯಾವುದು ಎಷ್ಟು ಹೊತ್ತಿಗೆ ಎಂಬುದನ್ನು ಲಗ್ನಪತ್ರಿಕೆ ಮುಂದಿಟ್ಟುಕೊಂಡು ತುಂಬಿದೆ. ಮೊದಲು ಏನನ್ನೂ ಎತ್ತಿಡದೆ, ಯಾವುದು ಎಲ್ಲಿಗೆ ಹೋಗಲಿದೆ ಎಂದು ಬರೀ ತೋರಿಸು ಎಂದು ಹೇಳಿ ಓಡಿಸಿದೆ. ಅದು ಒಳ್ಳೆಯ ಪದ್ಧತಿ, ಅದನ್ನೂ ಬೋರ್ಡಿನ ಮೇಲೆ ಬರೆಯುತ್ತೇನೆ. ತೋರಿಸಿದ್ದರಲ್ಲಿ ಕೆಲವನ್ನು ತೆರೆದು ನೋಡಿದರೆ, ಅಕ್ಕಿಕಾಳಿನ ಪಾಲಿಗೆ ಬಂದ ಫೋಟೋದಲ್ಲಿ ತಮ್ಮ ಇನ್ನೂ ಗಡ್ಡ ಬೋಳಿಸಿಕೊಳ್ಳುತ್ತಿದ್ದ. ಊಟದ ಪಾಲಿನದರಲ್ಲಿ ಅಕ್ಕಿಕಾಳು ಬೀಳುತ್ತಿತ್ತು. ಲಗ್ನಪತ್ರಿಕೆಯ ಮುಹೂರ್ತವನ್ನು ನಂಬುವವರು ನಮ್ಮಲ್ಲಿ ಯಾರೂ ಇಲ್ಲ. ಅದನ್ನು ನಂಬಿದ್ದು ನಾನು ಮತ್ತು ನನ್ನ ಸ್ಕ್ರಿಪ್ಟು ಎರಡೇ. ಸಮಯಗಳನ್ನೆಲ್ಲ ಒಂದೂವರೆ ತಾಸು ಮುಂದೆ ತಳ್ಳಿದ ಮೇಲೆ ಮದುವೆ ಹಳಿಗೆ ಬಂತು.

ಆ ಸರಿಮಾಡಿದ ಖುಷಿಯಲ್ಲಿ ನಿಜವಾಗಿ ಎತ್ತಿಡು ಎಂದು ಎಂಟರ್ ಒತ್ತಿದೆ. ಮೊದಲು ನಮ್ಮ ಕಡೆಯವು ಹೋದವು, ಹಿಂದೆಯೇ ಬೀಗರ ಕಡೆಯವು. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದು ಪರದೆ ಸುಮ್ಮನೆ ಕೂತಿತ್ತು. ಅಪ್ಪ ಬಾಗಿಲ ಸಂದಿಯಿಂದ ಇಣುಕಿ, "ಅಕ್ಕಂದು ತಗೀ ನೋಡೋಣ" ಎಂದ.

ಆಹೇರಿಯ ಫೋಲ್ಡರು ತೆರೆದೆ. ಮಾವನ ಟೋಪಿ ಇತ್ತು, ಶಹಾಬಾದಿನವರ ಸೀರೆ ಇತ್ತು, ಆಡಕಿಯವರು ಕೊಟ್ಟ ಸ್ಟೀಲ್ ಡಬ್ಬಿ ಇತ್ತು. ಅತ್ತೆಯ ಸರದಿ ಬರಬೇಕಾದ ಜಾಗದಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ಪ್ಲಾಸ್ಟಿಕ್ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು ನಿದ್ದೆ ಹೋಗಿದ್ದರು. ಹಿಂದೆ ಮುಂದೆ ಹುಡುಕಿದೆ. ಬೇರೆ ಫೋಲ್ಡರುಗಳಲ್ಲಿ ಹುಡುಕಿದೆ. ಆಮೇಲೆ ದೇವರ ಫೋಟೋ ತೆರೆದೆ. ಇಬ್ಬರು ಹೊಡೆದ ದೇವರು ಅಲ್ಲಿ ಒಂದೇ ಆಗಿದ್ದ. ಕ್ಯಾಮೆರಾದ ನಂಬರೇ ಫೈಲಿನ ಹೆಸರು. ಒಂದೇ ನಂಬರಿನ ಎರಡು ಫೋಟೋಗಳು ಒಂದೇ ಫೋಲ್ಡರಿಗೆ ಹೋದಲ್ಲೆಲ್ಲ ಎರಡನೆಯದು ಮೊದಲನೆಯದರ ಮೇಲೆ ಕೂತಿತ್ತು. ನಮ್ಮ ಅತ್ತೆಯ ಮೇಲೆ ಬೀಗರ ಕಡೆಯ ನಿದ್ದೆ ಕೂತಿತ್ತು.

"ಎಲ್ಲಿ ಅದ?" ಎಂದ ಅಪ್ಪ.

"ಇನ್ನ ಬರ್ಲಿಕತ್ತದ ಅಪ್ಪ" ಎಂದೆ.

ಲ್ಯಾಪ್‌ಟಾಪಿನಲ್ಲಿ ಅಳಿಸಿದ್ದನ್ನು ಕೆದಕಿ ತೆಗೆಯುವ ಪ್ರೋಗ್ರಾಮುಗಳನ್ನೆಲ್ಲ ಓಡಿಸಿದೆ, ಏನೂ ಸಿಗಲಿಲ್ಲ. ಕ್ಯಾಮೆರಾದ ಕಾರ್ಡು ಮುಂದಿನ ಮದುವೆಯಿಂದ ತುಂಬಿಹೋಗಿತ್ತು. ಉಳಿದದ್ದು ಆ ತಿರುಗುವ ಪೆನ್‌ಡ್ರೈವ್. ಶಹಾಬಾದಿಗೆ ಹೋಗಿ ಫೋಟೋಗ್ರಾಫರನ ಅಂಗಡಿಯಲ್ಲಿ ಕೂತು ಅದನ್ನೇ ಕೆದಕಿದೆ. ಅಷ್ಟರಲ್ಲಿ ಅದರ ಮೇಲೆ ಇನ್ನೊಂದು ಮದುವೆ, ಅದರ ಮೇಲೆ ಒಂದು ಸೀಮಂತ ಹಾದು ಹೋಗಿತ್ತು. ಯಾರ್ಯಾರದೋ ಹಣೆ, ಯಾರ್ಯಾರದೋ ಬಾಸಿಂಗ ಮೇಲೆದ್ದು ಬಂದವು. ಕೊನೆಗೆ ನಮ್ಮದೂ ಬಂತು, ಆದರೆ ಮೇಲಿನ ಪಾಲು ಮಾತ್ರ. ವೇದಿಕೆಯ ಹೂವು, ಅಪ್ಪನ ಕೆಂಪು ರುಮಾಲು, ಅವ್ವನ ಬೈತಲೆ, ಅತ್ತೆಯ ದೊಡ್ಡ ಕುಂಕುಮ ಇದ್ದವು. ಹುಬ್ಬಿನಿಂದ ಕೆಳಗೆ ಎಲ್ಲ ಬರೀ ಬೂದಿ ಬಣ್ಣ.

"ಮಾರಿ ಮ್ಯಾಲಿಂದ ಗುರುತ ಹತ್ತತದಲ್ರಿ ಮೇಡಂ. ಸಾಕಾಗಂಗಿಲ್ಲೇನ್ರಿ?" ಎಂದ ಫೋಟೋಗ್ರಾಫರ.

ಅಪ್ಪನಿಗೆ ಅದನ್ನು ತೋರಿಸಿದೆ. ಕನ್ನಡಕ ಏರಿಸಿ ಹತ್ತಿರ ಹಿಡಿದು ನೋಡಿದ.

"ಇದು ಅಕ್ಕನ ಹಣಿ. ಬರೋಬ್ಬರಿ ಅದ." ಬೂದಿ ಬಣ್ಣದ ಮೇಲೆ ಬೆರಳಿಟ್ಟು ಕೇಳಿದ, "ಸೀರಿ?"

"ಸೀರಿ ಹೋಯ್ತು ಅಪ್ಪ."

"ಮತ್ತ ಸೀರೀನೇ ಹೋಯ್ತಾ" ಎಂದು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟ. ನನಗೆ ಅಳು ಬಂತು. ಕಪ್ಪು ಪರದೆಯ ಮೇಲೆ ನಾನು ತೋರಿಸುತ್ತಿದ್ದ ಜಂಬವೆಲ್ಲ ಆ ಮಧ್ಯಾಹ್ನ ಇಳಿದು ಹೋಯಿತು.

ಇತ್ತ ಅತ್ತೆಯ ಫೋನು ದಿನಾ ಬರುತ್ತಿತ್ತು. ವರ್ಷಗಟ್ಟಲೆ "ಹೂಂ" ಎಂದವಳು ಈಗ ಗೋಡೆಗೆ ಮೊಳೆ ಹೊಡೆಸಿದ್ದನ್ನು, ಮೊಳೆಯ ಎತ್ತರವನ್ನು, ಆ ಮೊಳೆಗೆ ಸದ್ಯಕ್ಕೆ ಮಾವ ತನ್ನ ಚೀಲ ತೂಗುಹಾಕುತ್ತಿರುವುದನ್ನು ಬಿಡಿಸಿ ಹೇಳುತ್ತಿದ್ದಳು. ಅಪ್ಪ ಆ ಮಾತುಗಳನ್ನು ಕೇಳಲೆಂದೇ ನನ್ನ ಪಕ್ಕ ಬಂದು ಕೂರುತ್ತಿದ್ದ. ಕೇಳುತ್ತ ಕೇಳುತ್ತ ಅವನ ಮುಖ ಅರಳುತ್ತಿತ್ತು, ಫೋನು ಇಟ್ಟ ಮೇಲೆ ಸಪ್ಪಗಾಗುತ್ತಿತ್ತು.

ತಮ್ಮ ಒಂದು ಉಪಾಯ ಹೇಳಿದ. ಹುಬ್ಬಿನ ಮೇಲಿನದು ನಿಜವಾದದ್ದೇ ಇದೆ, ಕೆಳಗೆ ಬೇರೆ ಫೋಟೋಗಳಿಂದ ಮುಖ, ಮೈ, ಸೀರೆ ತಂದು ಜೋಡಿಸೋಣ, ಫೋಟೋಗ್ರಾಫರ ಅರ್ಧ ತಾಸಿನಲ್ಲಿ ಮಾಡಿ ಕೊಡುತ್ತಾನೆ ಎಂದ. ಅಲ್ಲಿಯ ತನಕ ಒಲೆಯ ಮುಂದಿದ್ದ ಅವ್ವ ಆಗ ಹೊರಗೆ ಬಂದಳು.

"ಅದೆಲ್ಲ ಬ್ಯಾಡ. ಎರಡು ಬೊಟ್ಟ ನೋಡಿ ಸೀರಿ ಗುರುತ ಹಿಡದಾಕಿ ಆಕಿ. ನೀವು ಕೂಡಿಸಿದ್ದು ಆಕಿಗಿ ತಿಳಿಯಂಗಿಲ್ಲೇನು? ಸೀರಿ ನನ್ನ ಹಂತ್ಯಾಕ ಅದ. ಉಟ್ಕೊಂಡು ಹೋಗ್ತೀನಿ. ಏನ ಅಂತಾಳ ಅನ್ಲಿ."

ಭಾನುವಾರ ಅಪ್ಪ, ಅವ್ವ, ನಾನು ಮೂವರೂ ಹೊರಟೆವು. ಅವ್ವ ಗಿಳಿಹಸಿರು ಸೀರೆ ಉಟ್ಟಿದ್ದಳು. ಅಪ್ಪ ಪೆಟ್ಟಿಗೆಯಿಂದ ಮದುವೆಯ ಕೆಂಪು ರುಮಾಲು ತೆಗೆದು ಸುತ್ತಿಕೊಂಡ. ಫೋಟೋ ಮತ್ತೆ ಹೊಡೆಯಬೇಕಾಗಿ ಬಂದರೆ ಮೊದಲಿನ ಹಾಗೇ ಇರಲಿ ಎಂದು ಅವನ ಲೆಕ್ಕ. ರೈಲಿನಲ್ಲಿ ಎದುರಿಗೆ ಕೂತವರೊಬ್ಬರು ಯಾರ ಮದುವೆ ಎಂದು ಕೇಳಿದರು. "ಮಗಂದ್ರಿ" ಎಂದ ಅಪ್ಪ. ಯಾವಾಗ ಎಂದು ಕೇಳಿದರು. "ಆಗಿ ಹೋಗ್ಯಾದ್ರಿ" ಎಂದ. ಅವರು ಮುಂದೆ ಕೇಳಲಿಲ್ಲ. ಸೇಡಂನಲ್ಲಿ ಇಳಿದು ಬಸ್ಸು ಹಿಡಿದು ಚಂದಾಪುರ ಮುಟ್ಟುವ ತನಕ ಅವ್ವ ಸೆರಗನ್ನು ಮಡಿಲಲ್ಲಿ ಮುದುರಿ ಹಿಡಿದು ಕೂತಿದ್ದಳು.

ಅತ್ತೆಯ ಪಡಸಾಲೆಯಲ್ಲಿ ಮೊಳೆ ಸರಿಯಾಗಿ ನಡುಗೋಡೆಯಲ್ಲೇ ಇತ್ತು. ಅತ್ತೆ ನಮ್ಮ ಕೈ ನೋಡಿದಳು. ಕೈಯಲ್ಲಿ ಫೋಟೋ ಇರಲಿಲ್ಲ.

"ಕುಂದ್ರಿ" ಎಂದಳು. "ಫೋಟೋ ಎಲ್ಲಿ?"

ಅಪ್ಪ ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ. ಇಬ್ಬರು ಫೋಟೋಗ್ರಾಫರು, ಒಂದನೇ ನಂಬರಿನ ದೇವರು, ಎತ್ತಿಡುವ ಆಜ್ಞೆ, ಮೇಲೆ ಕೂತದ್ದು ಎಲ್ಲ. ಅತ್ತೆ ಗದ್ದಕ್ಕೆ ಕೈ ಕೊಟ್ಟು ಕೇಳಿದಳು.

"ಅಲ್ಲಿ ಮೊದಲೇ ಒಂದು ಇದ್ರ, ಇಡೂದಕ್ಕ ಮೊದಲ ಕೇಳಬೇಕಲ್ಲ ಅದು?"

"ಕೇಳಂಗಿಲ್ಲ ಅ‌ತ್ತಿ. ಅದು ಹಂಗೇ."

"ನಿಮ್ಮವ್ವನ ಹಂಗೇ" ಎಂದಳು.

ಅವ್ವ ತಲೆ ತಗ್ಗಿಸಿದಳು. ಮಾವ ಕೆಮ್ಮಿದರು. ಅತ್ತೆ ಮುಂದುವರಿದು ಕೇಳಿದಳು, "ಮತ್ತ ನನ್ನ ಮ್ಯಾಲೆ ಯಾರು ಕೂತಾರ?"

ನಾನು ಫೋನಿನಲ್ಲಿ ತೋರಿಸಿದೆ. ಅತ್ತೆ ಬೀಗರ ಕಡೆಯ ಆ ಹಿರಿಯರನ್ನು, ಅವರ ತೆರೆದ ಬಾಯಿಯನ್ನು ಭಾಳ ಹೊತ್ತು ನೋಡಿದಳು.

"ಪಾಪ, ಚಲೋ ನಿದ್ದಿ ಹತ್ಯಾದ" ಎಂದು ಫೋನು ವಾಪಸು ಕೊಟ್ಟಳು. ಆಮೇಲೆ ಎದ್ದು ಅವ್ವನ ಹತ್ತಿರ ಹೋಗಿ ಬಗ್ಗಿ, ಸೀರೆಯ ಕೆಳಗಿನ ಅಂಚು ಮಗುಚಿ ನೋಡಿದಳು. ಫಾಲ್ ಹಚ್ಚಿಸಿತ್ತು. ಸೀರೆಯ ಜೊತೆಗೇ ಬಂದ ಪೀಸಿನಿಂದ ಜಂಪರು ಹೊಲಿಸಿತ್ತು. ಒಮ್ಮೆ ತೊಳೆದು ಗಂಜಿ ಹಾಕಿದ ಗುರುತೂ ಇತ್ತು. ಮೂಲೆಯ ಎರಡು ಬೊಟ್ಟು ತೊಳೆದರೂ ಮಸುಕಾಗಿ ಉಳಿದಿದ್ದವು. ಅವನ್ನು ಹೆಬ್ಬೆರಳಿನಿಂದ ಸವರಿ ಅತ್ತೆ ಒಳಗೆ ಹೋದಳು.

ಹೊರಗೆ ಬಂದಾಗ ಅವಳ ಕೈಯಲ್ಲಿ ಹಳೆಯ ಧೋತರದಲ್ಲಿ ಸುತ್ತಿದ ಗಂಟೊಂದಿತ್ತು. ಬಿಚ್ಚಿದಳು. ಬದನೆಕಾಯಿ ಬಣ್ಣ, ಹಳದಿ ಅಂಚು. ವಾಡಿ, ಶಹಾಬಾದ, ಚಿತ್ತಾಪುರ, ಆಡಕಿ ತಿರುಗಿ ಬಂದ ಸೀರೆ. ಮಡಿಕೆಗಳು ಅಂಗಡಿಯಲ್ಲಿದ್ದ ಹಾಗೇ ಇದ್ದವು. ಅತ್ತೆ ಅದನ್ನು ಇಷ್ಟು ವರ್ಷವೂ ಉಟ್ಟಿರಲಿಲ್ಲ, ಯಾರಿಗೂ ಕೊಟ್ಟಿರಲೂ ಇಲ್ಲ. ಅವ್ವನ ಹಣೆಗೆ ಕುಂಕುಮ ಹಚ್ಚಿ ಅದನ್ನು ಉಡಿಯಲ್ಲಿ ಹಾಕಿದಳು.

"ಇದು ನಿಂದು. ಮೊದಲೂ ನಿನಗಂತೇ ತಂದಿದ್ದೆ."

ಅವ್ವ ಸೀರೆ ಎತ್ತಿಕೊಂಡು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳುತ್ತಿದ್ದಾಳೆಂದು ಅಪ್ಪ, ಸಿಟ್ಟಾಗಿದ್ದಾಳೆಂದು ಮಾವ, ಏನಾದರಾಗಲಿ ಎಂದು ನಾನು ಬಾಗಿಲ ಕಡೆ ನೋಡುತ್ತ ಕೂತೆವು. ಬಾಗಿಲು ತೆರೆದಾಗ ಅವ್ವ ಬದನೆಕಾಯಿ ಸೀರೆ ಉಟ್ಟುಕೊಂಡು ಬಂದಳು. ಜಂಪರು ಮಾತ್ರ ಗಿಳಿಹಸಿರಿನದೇ. ನೋಡಲು ಭಾಳ ಕೆಟ್ಟದಾಗಿ ಕಾಣುತ್ತಿತ್ತು. ಯಾರೂ ಹಾಗೆಂದು ಹೇಳಲಿಲ್ಲ.

"ಊಟಕ್ಕ ಏಳ್ರಿ" ಎಂದಳು ಅತ್ತೆ.

ಪರಸಿಯ ಮೇಲೆ ಸಾಲಾಗಿ ಕೂತೆವು. ಬಿಸಿ ರೊಟ್ಟಿ, ಪುಂಡಿಪಲ್ಯ, ಅನ್ನ, ತೊಗರಿಬ್ಯಾಳಿ. ನಮ್ಮ ಅವ್ವ ಊಟ ಮಾಡಿ ಎದ್ದ ಜಾಗದಲ್ಲಿ ಒಂದು ಅಗುಳು ಬಿದ್ದದ್ದನ್ನು ಜೀವಮಾನದಲ್ಲಿ ನಾನು ಕಂಡಿಲ್ಲ. ಸೀರೆಯ ಮೇಲೆ ಏನನ್ನಾದರೂ ಚೆಲ್ಲಿಕೊಂಡವರನ್ನು ಕಂಡರೆ ವಾರಗಟ್ಟಲೆ ಆಡಿಕೊಳ್ಳುವವಳು. ಅಂಥ ಅವ್ವ ತನ್ನ ಎಡಗೈಯಿಂದ ಸೆರಗನ್ನು ಮಡಿಲಲ್ಲಿ ನೀಟಾಗಿ ಹರಡಿಕೊಂಡಳು. ಬಲಗೈಯಿಂದ ಬೇಳೆಯ ಬಟ್ಟಲಿನ ಚಮಚ ಎತ್ತಿದಳು. ಹಳದಿ ಅಂಚಿನ ಮೇಲೆ, ಎಲ್ಲರೂ ನೋಡುತ್ತಿರುವಾಗಲೇ, ಒಂದು ಚಮಚ ಬೇಳೆಯನ್ನು ನಿಧಾನವಾಗಿ ಸುರಿದುಕೊಂಡಳು.

ಅತ್ತೆ ಗಾಬರಿಯಿಂದ ನೀರಿನ ತಂಬಿಗೆ ಹಿಡಿದು ಎದ್ದಳು. "ಅಯ್ಯ, ಇತ್ತ ಕೊಡು, ಈಗೇ ತೊಳದ್ರ ಕಲಿ ಹೋಗ್ತದ."

"ಹೋಗಬಾರ್ದಂತೇ ಹಾಕ್ಕೊಂಡೀನ್ರಿ ಅಕ್ಕ" ಎಂದಳು ಅವ್ವ. "ಇನ್ನ ಇದನ್ನ ಯಾರಿಗೂ ಕೊಡ್ಲಿಕ್ಕ ಬರಂಗಿಲ್ಲ."

ಫೈಲನ್ನು ಯಾರೂ ಸರಿಸದಂತೆ, ಅಳಿಸದಂತೆ ಬೀಗ ಹಾಕುವ ಆಜ್ಞೆಯೊಂದಿದೆ. ನಾನು ಅದನ್ನು ಹತ್ತು ನಿಮಿಷ ಪಾಠ ಮಾಡುತ್ತೇನೆ, ವಿದ್ಯಾರ್ಥಿಗಳು ಆಕಳಿಸುತ್ತಾರೆ. ಅವ್ವನಿಗೆ ಒಂದು ಚಮಚ ಬೇಳೆ ಸಾಕಾಯಿತು.

ಅತ್ತೆ ತಂಬಿಗೆ ಹಿಡಿದೇ ನಿಂತಿದ್ದಳು. ಅವಳ ಕಣ್ಣು ತುಂಬಿದ್ದು ನಮಗೆಲ್ಲ ಕಂಡಿತು. ಅಪ್ಪ ತಾಟು ಬಿಟ್ಟು ಎದ್ದು, ಓರೆಯಾಗಿದ್ದ ರುಮಾಲು ಸರಿಮಾಡಿಕೊಂಡು, ನನ್ನ ಫೋನಿನ ಕಡೆ ಕಣ್ಸನ್ನೆ ಮಾಡಿದ. ನಾನು ಎಡಗೈಯಲ್ಲಿ ಫೋನು ಎತ್ತಿದೆ. ಅತ್ತೆ ತಂಬಿಗೆ ಕೆಳಗಿಟ್ಟು, ಕಣ್ಣೊರೆಸಿಕೊಂಡು, ಅವ್ವನ ಪಕ್ಕ ಒತ್ತಿ ಕೂತಳು. ಒದ್ದೆಯಾದ ಸೆರಗಿನ ಒಂದು ತುದಿಯನ್ನು ತಾನು ಹಿಡಿದು, ಇನ್ನೊಂದು ತುದಿಯನ್ನು ಅವ್ವನ ಕೈಗೆ ಕೊಟ್ಟು, ನನ್ನ ಕಡೆ ನೋಡಿದಳು.

"ಹೊಡಿಯವ್ವ" ಎಂದಳು. "ಬ್ಯಾಳಿ ಕಾಣಬೇಕು."